ಎಡಕ್ಕೆ ಓಡುವ ಕುದುರೆ

ಕೊಟ್ಟಿಗೆಹಾರದಲ್ಲಿ ಜೀಪುಗಳ ಹಿಂಬದಿಗೆ ಚಿತ್ರ ಬರೆಯುತ್ತಿದ್ದ ಸಾಹೇಬರು ಮೊದಲು ಕಲಿತದ್ದು ಉರ್ದು. ಬಲದಿಂದ ಎಡಕ್ಕೆ ಓದು. ಅವರ ಕುದುರೆಗಳೂ ಎಡಕ್ಕೇ ಓಡುತ್ತಿದ್ದವು. ಕನ್ನಡ ಓದಿದ ನನ್ನ ಕಣ್ಣಿಗೆ ಅವು ಎಲ್ಲಿಗೋ ಹೋಗಿ ಮರಳುತ್ತಿರುವಂತೆ ಕಾಣುತ್ತಿದ್ದವು.

"ಇದು ವಾಪಸ್ ಬರ್ತಾ ಇದೆಯಲ್ಲ, ಸಾಹೇಬ್ರೇ?" ಎಂದರೆ ಬ್ರಷ್ಷನ್ನು ಕಿವಿಗೆ ಸಿಕ್ಕಿಸಿಕೊಂಡು, "ಹೋಗ್ತಾ ಇದೆ ಮಾರಾಯ, ಸರಿಯಾಗಿ ನೋಡು" ಎನ್ನುತ್ತಿದ್ದರು.

ಕಾಯಿಲೆ ಬಿದ್ದ ವರ್ಷ ಅಂಗಡಿಯ ಗೋಡೆಗೆ ತಮ್ಮನ್ನೇ ಬರೆದರು. ಕೈಯಲ್ಲಿ ಬಣ್ಣದ ಡಬ್ಬಿ, ಎಡಕ್ಕೆ ನಡಿಗೆ.

"ಇವ್ರು ಎಲ್ಲಿಗೆ?" ಎಂದೆ.

"ಹೋಗ್ತಾ ಇದ್ದಾರೆ ಮಾರಾಯ" ಎಂದು ನಕ್ಕರು.

ಆ ವಾರವೇ ತೀರಿಕೊಂಡರು. ನಾನೂ ಹೋಗಿ ಮಣ್ಣು ಹಾಕಿ ಬಂದೆ. ಆದರೂ ಮಂಜು ಕವಿದ ಬೆಳಿಗ್ಗೆ, ಬೀಗ ಹಾಕಿದ ಆ ಅಂಗಡಿಯ ಮುಂದೆ ಹಾಯುವಾಗ ಗೋಡೆಯತ್ತ ತಿರುಗುವುದಿಲ್ಲ. ನನ್ನ ಕಣ್ಣಿಗೆ ಅವರು ವಾಪಸು ಬರುತ್ತಲೇ ಇದ್ದಾರೆ.