ಎರರ್ ಬಾರದ ಪ್ರೋಗ್ರಾಮು

ನಮ್ಮ ಕಂಪ್ಯೂಟರ್ ಸರ್ ಬಲಗೈಯ ಕಿರುಬೆರಳಿನ ಉಗುರು ಬೆಳೆಸಿದ್ದರು. ಉಳಿದವನ್ನೆಲ್ಲ ಒಪ್ಪವಾಗಿ ಕತ್ತರಿಸಿ, ಅದೊಂದನ್ನು ಮಾತ್ರ ಎಣ್ಣೆ ಹಚ್ಚಿ ಸಾಕಿದ್ದರು. ಬೀದರಿನ ಅವರ ತರಬೇತಿ ಕೇಂದ್ರದಲ್ಲಿ ನಾವು ಎಷ್ಟು ಬೇಕಾದರೂ ಟೈಪ್ ಮಾಡಬಹುದಿತ್ತು, ಎಂಟರ್ ಒತ್ತುವ ಅಧಿಕಾರ ಮಾತ್ರ ಆ ಉಗುರಿನದು. ಹಿಂದಿನಿಂದ ಬಂದು, ಭುಜದ ಮೇಲಿಂದ ಕೈ ಚಾಚಿ, ಟಕ್ ಎಂದು ಒತ್ತುತ್ತಿದ್ದರು. ಸರಿ ಬಂದರೆ ಅದು ಅವರು ಕಲಿಸಿದ್ದು, ತಪ್ಪು ಬಂದರೆ ನಮ್ಮ ಊರಿನ ದೋಷ.

ನನ್ನ ಊರು ಔರಾದ ತಾಲೂಕಿನ ಡಾಬಕಾ. ನಮ್ಮದು ಕುರಿ ಸಾಕುವ ಮನೆ. ಬರ ಬಿದ್ದ ಆ ವರ್ಷಗಳಲ್ಲಿ ಅಪ್ಪ ಹಿಂಡು ಹೊಡೆದುಕೊಂಡು ಗಡಿ ದಾಟಿ ಹೋಗಿದ್ದ. ಇದು ಗೊತ್ತಾದ ದಿನದಿಂದ ಸರ್‌ಗೆ ಹಬ್ಬ. "ಕುರಿ ಎಣಿಸ್ದಂಗ ಅಲ್ಲ ಇದು, ಜಾವಾ!" ಎನ್ನುವರು, ತಮ್ಮ ಮಾತಿಗೆ ತಾವೇ ಮೊದಲು ನಗುವರು.

ಜಾವಾ ಎಂಬ ಪ್ರೋಗ್ರಾಮಿನ ಭಾಷೆಯಲ್ಲಿ ಅವರು ಕಲಿಸಿದ್ದು ಇಷ್ಟೇ: "ಡ್ರೈವರ್ ಲೋಡ್ ಮಾಡ್ರಿ, ಕನೆಕ್ಷನ್ ತಗೋರಿ, ಕ್ವೆರಿ ಕೊಡ್ರಿ, ಮುಚ್ರಿ." ಮಗ್ಗಿಯ ಹಾಗೆ ಹೇಳಿಸುತ್ತಿದ್ದರು. ಏಕೆ ಎಂದು ಕೇಳಿದರೆ, "ಯಾಕ ಅನ್ನೋದು ಸಿಲಬಸ್‌ದಾಗ ಇಲ್ಲ." ಜಾವಾದಲ್ಲಿ ಕುಟುಂಬ ಎಂದರೆ ಒಂದೇ ಗಂಟು, ತಂದೆ ತಾಯಿ ಮಕ್ಕಳು ಅದರೊಳಗೇ ಇರುತ್ತಾರೆ. ಮಾಹಿತಿ ಕೂಡಿಡುವ ಡೇಟಾಬೇಸಿನಲ್ಲಿ ಮಕ್ಕಳದು ಒಂದು ಟೇಬಲ್ಲು, ಪಾಲಕರದು ಇನ್ನೊಂದು. ಎರಡನ್ನೂ ಜೋಡಿಸಿ ಗಂಟು ಕಟ್ಟುವುದು ಪ್ರೋಗ್ರಾಮ್ ಬರೆಯುವವರ ಕೆಲಸ. ಇದು ನನಗೆ ತಿಳಿದದ್ದು ಸರ್ ಊಟಕ್ಕೆ ಹೋದಾಗ, ಕದ್ದು ಎಂಟರ್ ಒತ್ತಿ, ಬಂದ ಎರರ್‌ಗಳನ್ನು ಓದಿ ಓದಿ.

ಅದೇ ಹೊತ್ತಿಗೆ ಭಾಲ್ಕಿಯಲ್ಲಿ ಒಂದು ಸಂಸ್ಥೆ ಗುಳೆ ಹೋದವರ ಮಕ್ಕಳಿಗೆ ವಸತಿ ತೆರೆಯಿತು. ಹಿರಿಯರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರೂ ಮಕ್ಕಳ ಶಾಲೆ ತಪ್ಪದಿರಲಿ ಎಂಬುದು ಅವರ ಉದ್ದೇಶ. ಮಕ್ಕಳ ಪಟ್ಟಿ ತೆಗೆಯುವ ಪ್ರೋಗ್ರಾಮು ಬರೆಯುವ ಕೆಲಸ ಸರ್‌ಗೆ ಸಿಕ್ಕಿತು, ಟೈಪಿಂಗ್ ನನಗೆ ಬಂತು. ಪಟ್ಟಿ ಭಾಲ್ಕಿ ಸೇರಿದ ಮೇಲೆ ಭಾತಂಬ್ರಾದ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ನಮ್ಮ ಕೇಂದ್ರಕ್ಕೆ ಬಂದಳು. ಹುಡುಗಿಯ ಹೆಸರು ರುಕ್ಮಿಣಿ, ಆರನೆಯ ತರಗತಿ.

"ವಸತಿದಾಗ ಹೆಸರಿಲ್ಲ ಅಂದ್ರುರಿ. ಇಕಿ ಅಪ್ಪ ಅವ್ವ ಮುಂಚೇನೇ ಹೋಗ್ಯಾರ್ರಿ. ನಾಳಿ ಮುಂಜಾನಿ ಲಾರಿಗಿ ನಾನೂ ಹೋಗ್ತೇನಿ. ಹೆಸರು ಹತ್ತಿದ್ರ ಸಾಲಿ ಕಲೀತಾಳ್ರಿ, ಇಲ್ಲಂದ್ರ ನನ್ ಜೋಡಿ ಒಯ್ಯಬೇಕಾಗ್ತದರಿ."

ಕಂಪ್ಯೂಟರಿನಲ್ಲಿ ನೋಡಿದೆ. ಮಕ್ಕಳ ಟೇಬಲ್ಲಿನಲ್ಲಿ ರುಕ್ಮಿಣಿ ಇದ್ದಳು. ಪಾಲಕರ ಟೇಬಲ್ಲಿನಲ್ಲಿ ಅವಳ ಮನೆಯವರು ಯಾರೂ ಇರಲಿಲ್ಲ. ಸಂಸ್ಥೆ ಕಳಿಸಿದ ಸಮೀಕ್ಷೆಯವರು ಊರಲ್ಲಿ ಕೈಗೆ ಸಿಕ್ಕ ತಂದೆತಾಯಿಯನ್ನಷ್ಟೇ ಬರೆದುಕೊಂಡಿದ್ದರು. ಸರ್ ಬರೆದ ಕ್ವೆರಿ, ಅಂದರೆ ಡೇಟಾಬೇಸಿಗೆ ಹಾಕುವ ಪ್ರಶ್ನೆ, ಎರಡೂ ಕಡೆ ಇದ್ದವರನ್ನು ಮಾತ್ರ ಎತ್ತುತ್ತಿತ್ತು. ಹೀಗಾಗಿ ತಂದೆತಾಯಿ ಇಬ್ಬರೂ ಗುಳೆ ಹೋದ ಮಕ್ಕಳೆಲ್ಲ, ಅಂದರೆ ಯಾರಿಗಾಗಿ ಆ ವಸತಿ ತೆರೆದಿದ್ದರೋ ಅವರೇ, ಪಟ್ಟಿಯಿಂದ ಬಿದ್ದುಹೋಗಿದ್ದರು. ಕ್ವೆರಿಯಲ್ಲಿ ಒಂದೇ ಒಂದು ಶಬ್ದ ಸೇರಿಸಿದರೆ ಎಲ್ಲರೂ ಬರುತ್ತಿದ್ದರು.

ಓಡಿಹೋಗಿ ಸರ್‌ಗೆ ಹೇಳಿದೆ. ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿಯಿಂದ ಅಲುಗಾಡಲೂ ಇಲ್ಲ.

"ಗೊತ್ತದ ನಂಗ. ಅವರ್ನ ಹಾಕಿದ್ರ ಪಾಲಕರು ಖಾಲಿ ಬರ್ತಾರ, ಪ್ರೋಗ್ರಾಮ್ ಎರರ್ ಹೊಡೀತದ. ನಾಳಿ ಸಂಸ್ಥಾದ ಸಾಹೇಬ್ರು ನೋಡ್ಲಾಕ ಬರ್ತಾರ. ಅವ್ರ ಮುಂದ ನನ್ ಇಜ್ಜತ್ ಕಳೀತಿ ಏನ್?"

"ಖಾಲಿ ಇದ್ದಲ್ಲಿ ಅಜ್ಜಿ ಹೆಸರು ಹಾಕಮ್ರಿ ಸರ್. ಇವತ್ತೇ ಆಗ್ತದರಿ."

"ಭಾಳ್ ದಿಮಾಕ್ ತೋರಿಸ್ಬ್ಯಾಡ. ಸೋಮವಾರ ನೋಡಮು." ಹಾಗೆಂದು ಪ್ರೋಗ್ರಾಮಿನ ಪಾಸ್‌ವರ್ಡನ್ನೂ ಬದಲಿಸಿದರು. ಆಮೇಲೆ ಹೊರಗೆ ಹೋಗಿ ಅಜ್ಜಿಗೆ, "ಕಂಪ್ಯೂಟರ್‌ದಾಗೇ ಇಲ್ಲಮ್ಮಾ, ನಾ ಏನ್ ಮಾಡ್ಲಿ?" ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ಪಾಪ, ಅಜ್ಜಿ ಅವರಿಗೆ ಕೈ ಮುಗಿದಳು. ನನಗೆ ತಡೆಯಲಾಗಲಿಲ್ಲ.

"ಸುಳ್ಳ ಅಜ್ಜಿ, ಇಕಿ ಹೆಸರು ಅದ. ನಾ ನೋಡೇನಿ."

"ಇದ್ರ ಬರ್ದು ಕೊಡ್ರಲ್ಲ ಮತ್ತ," ಎಂದಳು ಅಜ್ಜಿ.

ನಾನು ಬರೆದ ಚೀಟಿಯನ್ನು ಭಾಲ್ಕಿಯಲ್ಲಿ ಯಾರೂ ಮೂಸಿ ನೋಡುತ್ತಿರಲಿಲ್ಲ, ಸರ್ ಸಹಿಯೇ ಬೇಕಿತ್ತು. ಅಜ್ಜಿ ನನ್ನ ಮುಖ ನೋಡಿದಳು, ಸರ್ ಮುಖ ನೋಡಿದಳು, ಮೊಮ್ಮಗಳನ್ನು ಕರೆದುಕೊಂಡು ಬಸ್ಸಿಗೆ ಹೋದಳು.

ಮರುದಿನ ಸಾಹೇಬರ ಮುಂದೆ ಪ್ರೋಗ್ರಾಮು ಬೆಣ್ಣೆಯ ಹಾಗೆ ಓಡಿತು. ಸರ್‌ಗೆ ಶಾಲು ಹೊದಿಸಿದರು, ಫೋಟೊ ತೆಗೆದರು, ಆ ಫೋಟೊ ನಾವು ಚಪ್ಪಲಿ ಬಿಡುವ ಜಾಗದ ಮೇಲೆ ತೂಗಿತು. ಸೋಮವಾರ ಸರ್ ಪಾಸ್‌ವರ್ಡ್ ಕೊಟ್ಟ ಮೇಲೆ ನಾನೇ ಕ್ವೆರಿ ತಿದ್ದಿದೆ, ತಿದ್ದಿದ ಹೆಸರು ಮಾತ್ರ ಅವರಿಗೆ ಬಂತು. ಅಷ್ಟರಲ್ಲಿ ರುಕ್ಮಿಣಿ ಕಬ್ಬಿನ ಗದ್ದೆಯಲ್ಲಿದ್ದಳು. ಮುಂದೆ ಶಾಲೆಗೆ ಮರಳಲಿಲ್ಲ ಎಂದು ಭಾತಂಬ್ರಾದವರು ಹೇಳಿದರು.

ಸರ್ ಹೋದ ವರ್ಷ ತೀರಿಕೊಂಡರು. ಅವರಿಂದ ನಾನು ಏನೂ ಕಲಿಯಲಿಲ್ಲ ಎಂದರೆ ಅನ್ಯಾಯವಾದೀತು. ಇವತ್ತು ಇದೇ ಕೆಲಸದಿಂದ ಉಣ್ಣುತ್ತೇನೆ, ಪ್ರೋಗ್ರಾಮು ಎರರ್ ಹೊಡೆದರೆ ಮೊದಲು ಅದು ಟೇಬಲ್ಲಿನಲ್ಲಿ ಯಾರ ಹೆಸರಿನ ಸಾಲು ಎಂದು ನೋಡುತ್ತೇನೆ. ಇದು ಅವರ ಋಣ. ಆದರೆ ಸತ್ತರೆಂದು ಅವರನ್ನು ದೊಡ್ಡವರನ್ನಾಗಿ ಮಾಡಲು ನನ್ನಿಂದಾಗದು.

ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ಹೊಗಳಿದರು. ಸರ್ ಬರೆದ ಪ್ರೋಗ್ರಾಮು ಎಂದೂ ನಿಂತದ್ದಿಲ್ಲ ಎಂದರು, ಅದು ನಿಜ. ನನ್ನನ್ನೂ ಕರೆದರು. ಮೈಕಿನ ಮುಂದೆ ನಿಂತು, "ಭಾತಂಬ್ರಾದಾಗ ರುಕ್ಮಿಣಿ ಅಂತ ಒಬ್ಬ ಹುಡುಗಿ ಇದ್ದಳ್ರಿ. ಆಕಿ ಹೆಸರು ನಮ್ ಸರ್‌ಗಿ ಗೊತ್ತಿತ್ತು," ಎಂದೆ. ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ, ಅದನ್ನೂ ಹೊಗಳಿಕೆ ಎಂದುಕೊಂಡು ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.