ಲಾಟರಿಯವರ ನಡುವೆ ಅಕ್ಕನ ಕಾಗದ

ಪಡೀಲಿನ ನಮ್ಮ ಮನೆಯಲ್ಲಿ ಟಿ.ವಿ. ಮೇಜಿನ ಕೆಳಗೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರ್ ಒಂದಿದೆ. ನಮ್ಮ ಇಮೇಲ್ ಬರುವುದೂ ಹೋಗುವುದೂ ಅದರಿಂದಲೇ. ಮನೆಯ ಪತ್ರಗಳು ಮನೆಯಲ್ಲೇ ಇರಲಿ ಎಂಬುದು ನನ್ನ ಹಟ. ಗುಡುಗಿದರೆ ಅಮ್ಮ ಎಲ್ಲ ಪ್ಲಗ್ಗುಗಳ ಜೊತೆ ಇದರದ್ದನ್ನೂ ಕೀಳುತ್ತಾರೆ, ಅದು ಬೇರೆ ಮಾತು.

ಇಂಟರ್ನೆಟ್ ಕಂಪನಿಗೆ ಇದು ಹಿಡಿಸುವುದಿಲ್ಲ. ಮನೆ ಸಂಪರ್ಕದಿಂದ ನೇರವಾಗಿ ಮೇಲ್ ಕಳುಹಿಸುವ ದಾರಿಯನ್ನು ಅವರು ಮುಚ್ಚಿರುತ್ತಾರೆ. ತೆರೆಸಲು ನಾನು ಅರ್ಜಿಯ ಮೇಲೆ ಅರ್ಜಿ ಬರೆಯುತ್ತಿದ್ದಾಗ, ಕೇಬಲ್ ನೋಡಲು ಬಂದ ಲೈನ್‌ಮನ್ ಕೇಳಿದ್ದ: "ಎಂತ ಸರ್, ಮನೆಯಲ್ಲಿ ಪೋಸ್ಟಾಫೀಸು ಉಂಟಾ?"

"ಉಂಟು," ಎಂದರು ಅಮ್ಮ ಒಳಗಿನಿಂದ. "ಪೋಸ್ಟ್‌ಮ್ಯಾನ್ ಮಾತ್ರ ಹನ್ನೊಂದು ಗಂಟೆವರೆಗೆ ಮಲಗ್ತಾನೆ."

ನಾನು ಪತ್ರಿಕೆಯ ಡೆಸ್ಕಿನಲ್ಲಿ ಸಂಜೆ ಪಾಳಿಯವನು.

ಕೊನೆಗೆ ಕಂಪನಿ ದಾರಿ ತೆರೆಯಿತು. ಕಚೇರಿಯ ನನ್ನ ವಿಳಾಸಕ್ಕೆ ಒಂದು ಪತ್ರ ಕಳುಹಿಸಿ ನೋಡಿದೆ, ತಲುಪಿತು. ಅಮ್ಮನಿಗೂ ಒಂದು ವಿಳಾಸ ಮಾಡಿಕೊಟ್ಟೆ.

ಅಮ್ಮ ಬರೆಯುವುದು ಒಬ್ಬರಿಗೇ, ಮಸ್ಕತ್ತಿನಲ್ಲಿರುವ ತಂಗಿಗೆ. ಅಕ್ಕ ತಂಗಿ ಆಡುವುದು ತುಳು, ಬರೆಯುವುದು ಕನ್ನಡ. ಭಾನುವಾರದ ಫೋನು ಊಟ, ಸೆಕೆ, ಮೀನಿನಲ್ಲಿ ಮುಗಿಯುತ್ತದೆ. ಮನಸ್ಸಿನ ಮಾತೆಲ್ಲ ಕಾಗದಕ್ಕೆ; ಇಮೇಲನ್ನೂ ಅವರು ಕರೆಯುವುದು ಕಾಗದ ಎಂದೇ. ಕಾಗದದ ವಿಷಯವನ್ನು ಫೋನಿನಲ್ಲಿ ಎತ್ತಬಾರದು, ಉತ್ತರಕ್ಕೆ ಅವಸರಪಡಿಸಬಾರದು ಎಂಬುದು ಇಬ್ಬರೂ ಅಂಚೆಯ ಕಾಲದಿಂದ ಪಾಲಿಸಿಕೊಂಡು ಬಂದ ನಿಯಮ.

ಆ ಸೆಪ್ಟೆಂಬರಿನಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸುವುದಿತ್ತು. ನಿಗದಿಯಾದ ದಿನವನ್ನು ಅಮ್ಮ ಮುಂದೂಡಿದರು. ಎರಡನೇ ಸಲವೂ ಮುಂದೂಡಿದಾಗ ಕಾರಣ ಕೇಳಿದೆ.

"ಅವಳಿಗೆ ಬರ್ಲಿಕ್ಕೆ ಮನಸ್ಸಿಲ್ಲ."

"ಚಿಕ್ಕಮ್ಮ ಹಾಗೆ ಹೇಳಿದ್ರಾ?"

"ಹೇಳ್ಲಿಲ್ಲ. ಉತ್ತರವೇ ಬರೀಲಿಲ್ಲ. ಅಲ್ಲಿಗೆ ಗೊತ್ತಾಯ್ತಲ್ಲ."

"ಫೋನಿನಲ್ಲಿ ಕೇಳಬಹುದಿತ್ತು."

"ಫೋನಿನಲ್ಲಿ ಕೇಳಿದ್ರೆ ಇಲ್ಲ ಅನ್ಲಿಕ್ಕೆ ಅವಳಿಗೆ ಕಷ್ಟ. ಕಾಗದ ಆದ್ರೆ ಸುಮ್ಮನಿರಬಹುದು."

ಅಮ್ಮ ನಾಲ್ಕು ಕಾಗದ ಬರೆದಿದ್ದರು. ಆಪರೇಷನ್ ಆದ ಮೇಲೆ ಸಂಜೆ ಹೊತ್ತು ಕಣ್ಣಿಗೆ ಮದ್ದು ಬಿಡಲು, ಪಕ್ಕದಲ್ಲಿ ಕೂತಿರಲು ತಂಗಿ ಬೇಕಿತ್ತು. ಸಂಜೆ ನಾನು ಇರುವುದಿಲ್ಲ. ತಂಗಿಯನ್ನು ಕರೆದದ್ದನ್ನು ಅಮ್ಮ ನನಗೆ ಹೇಳಿರಲಿಲ್ಲ.

ಡಬ್ಬಿಯ, ಅಂದರೆ ನಮ್ಮ ಮೇಲ್ ಸರ್ವರಿನ, ದಾಖಲೆ ತೆರೆದೆ. ನಾಲ್ಕೂ ತಲುಪಿವೆ ಎಂದಿತ್ತು. ಮಸ್ಕತ್ತಿಗೆ ಫೋನ್ ಮಾಡಿ, ಸ್ಪ್ಯಾಮ್ ಎಂದಿರುವಲ್ಲಿ ಒಮ್ಮೆ ನೋಡಿ ಎಂದೆ.

ಚಿಕ್ಕಮ್ಮ ಫೋನ್ ಇಡದೆಯೇ ಹುಡುಕಿದರು. "ಅಕ್ಕನದ್ದು ನಾಲ್ಕು ಉಂಟು ಮಾರಾಯ. ಲಾಟರಿ ಹೊಡೆದಿದೆ ಅನ್ನುವವರ ನಡುವೆ. ನಾನು ಎಂತ ತಿಳಿದದ್ದು ಗೊತ್ತುಂಟಾ? ಅಕ್ಕನಿಗೆ ಕಣ್ಣು ಕಾಣುವುದಿಲ್ಲ, ಅದಕ್ಕೆ ಬರೆಯುವುದು ಬಿಟ್ಟಿದ್ದಾಳೆ ಅಂತ. ಕೇಳಿದ್ರೆ ಬೇಜಾರಾಗ್ತದೆ ಅಂತ ಕೇಳ್ಲಿಲ್ಲ."

ಮನೆ ಸಂಪರ್ಕಗಳಿಂದ ನೇರವಾಗಿ ಬರುವ ಮೇಲನ್ನು ದೊಡ್ಡ ಇಮೇಲ್ ಕಂಪನಿಗಳು ನಂಬುವುದಿಲ್ಲ. ಕಸದ ಜೊತೆ ಹಾಕಿ, ತಿಂಗಳಾದ ಮೇಲೆ ಅಳಿಸುತ್ತವೆ. ಮೊದಲ ಕಾಗದಕ್ಕೆ ಉಳಿದಿದ್ದದ್ದು ಮೂರು ದಿನ. ನಾನು ಪರೀಕ್ಷಿಸಿದ್ದು ನನ್ನ ಕಚೇರಿಯ ವಿಳಾಸವೊಂದನ್ನೇ. ಒಂದೇ ಮೂಲವನ್ನು ನಂಬಬೇಡಿ ಎಂದು ಡೆಸ್ಕಿಗೆ ಬಂದ ಹೊಸಬರಿಗೆ ಮೊದಲ ದಿನ ಹೇಳುವವನೂ ನಾನೇ.

ಅಮ್ಮನ ಮುಂದೆ ತಪ್ಪು ಒಪ್ಪಿಕೊಂಡೆ. "ಮೊದಲು ಒಬ್ಬ ಪೋಸ್ಟ್‌ಮ್ಯಾನ್ ಇದ್ದ," ಎಂದರು. "ನಾಯಿಗೆ ಹೆದರಿ ಕಾಗದವನ್ನು ಬೇಲಿಗೆ ಸಿಕ್ಕಿಸಿ ಹೋಗ್ತಿದ್ದ. ಅವನೇ ವಾಸಿ."

ಈಗ ಹೊರಹೋಗುವ ಮೇಲನ್ನು ಆ ಕಂಪನಿಗಳು ನಂಬುವ ಬೇರೆಡೆಯ ಸರ್ವರೊಂದರ ಮೂಲಕ ಕಳುಹಿಸುತ್ತೇನೆ. ಬರುವುದು ಡಬ್ಬಿಗೇ. ಚಿಕ್ಕಮ್ಮ ನಾಲ್ಕು ಕಾಗದಕ್ಕೂ ಬೇರೆ ಬೇರೆ ಉತ್ತರ ಬರೆದರು. ನಾಲ್ಕನೆಯದರಲ್ಲಿ ಇದ್ದದ್ದು ಬಜಪೆಗೆ ವಿಮಾನ ಇಳಿಯುವ ಹೊತ್ತು, ಅಷ್ಟೇ.

ಆಪರೇಷನ್ ಆದ ಮರುದಿನ ಮಧ್ಯಾಹ್ನ ಗುಡುಗಿತು. ಅಮ್ಮ ಕಪ್ಪು ಕನ್ನಡಕ ಹಾಕಿ ಮಲಗಿದ್ದರು. ಚಿಕ್ಕಮ್ಮ ಎದ್ದು ಫ್ರಿಜ್ಜಿನ ಪ್ಲಗ್ ಕಿತ್ತರು, ಟಿ.ವಿ.ಯದ್ದು ಕಿತ್ತರು. ಡಬ್ಬಿಯ ಹತ್ತಿರ ಬಂದು ನನ್ನ ಮುಖ ನೋಡಿದರು.

"ತೆಗಿ ಮಾರಾಯ್ತಿ," ಎಂದರು ಅಮ್ಮ ಮಲಗಿದ್ದಲ್ಲಿಂದಲೇ. "ಕಾಗದ ಬರೆಯುವವಳು ಇಲ್ಲೇ ಇದ್ದಾಳಲ್ಲ."