ಕಿವಿಯ ಹಿಂದೆ ಇಣುಕುತ್ತಿದ್ದ ಹುಲಿಗೆಪ್ಪ ಕಾಕಾ

ಹುಲಿಗೆಪ್ಪ ಕಾಕಾ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಕಿವಿಯ ಹಿಂದೆ ನೋಡುತ್ತಿದ್ದರು. ಹೊಸಪೇಟೆಯ ನಮ್ಮ ಓಣಿಯಲ್ಲಿ ಯಾರೇ ಎದುರಾಗಲಿ, "ಆರಾಮೇನ್ರಿ" ಎನ್ನುವ ಮೊದಲೇ "ಸ್ವಲ್ಪ ಕಿವಿ ತೋರ್ಸ್ರಿ" ಎನ್ನುವರು. ದನದ ದವಾಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ದನದ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣಿಗಳನ್ನು ಕಿತ್ತು ಕಿತ್ತು, ಅವರ ಕಣ್ಣಿಗೆ ನಾವೆಲ್ಲ ಎರಡು ಕಾಲಿನ ದನಗಳಾಗಿಬಿಟ್ಟಿದ್ದೆವು.

ದರೋಜಿ ಕಡೆಯ ಗುಡ್ಡಕ್ಕೆ ಹೊರಟಾಗ ಅವರ ವೇಷ ನೋಡಬೇಕಿತ್ತು. ಬಿಳಿ ಪೈಜಾಮ, ಅದರ ಮೇಲೆ ಮೊಣಕಾಲಿನವರೆಗೆ ಎಳೆದ ಬಿಳಿ ಕಾಲುಚೀಲ, ಜೇಬಿನಲ್ಲಿ ಉಣ್ಣಿ ಕೀಳುವ ಚಿಮಟ. ನಕ್ಕವರಿಗೆ, "ಬಿಳಿ ಮ್ಯಾಗ ಉಣ್ಣಿ ಹತ್ತಿದ್ರ ಕಾಣ್ತತಿ. ನಿಮ್ಮ ಕರಿ ಪ್ಯಾಂಟಿನಾಗ ಅದು ಸಂಸಾರ ಹೂಡಿದ್ರೂ ಗೊತ್ತಾಗಂಗಿಲ್ಲ" ಎನ್ನುವರು.

ಕಂಪ್ಲಿಯಲ್ಲಿ ನನ್ನ ತಮ್ಮನ ಮದುವೆ. ಅವನು ಹಿಂದಿನ ದಿನ ಫೋಟೋಶೂಟಿಗೆಂದು ಹಂಪಿಯ ಪೊದೆಗಳಲ್ಲೆಲ್ಲ ಹೊರಳಾಡಿ ಬಂದ ಸುದ್ದಿ ಕಾಕಾಗೆ ತಲುಪಿತ್ತು. ಅಕ್ಷತೆ ಹಾಕಲು ಬಂದವರು ಬಾಸಿಂಗ ಸರಿಸಿ, ಕಿವಿಯ ಹಿಂದೆ ಇಣುಕಿ, "ಅಲ್ಲಾಡಬ್ಯಾಡಪಾ, ಸಿಕ್ತು" ಎಂದು ಚಿಮಟ ಹಾಕಿಯೇಬಿಟ್ಟರು. ತಮ್ಮ ಕಿರುಚಿದ. ವಾದ್ಯದವರು ಅದನ್ನೇ ಸನ್ನೆ ಎಂದುಕೊಂಡು ಗಟ್ಟಿಮೇಳ ಬಾರಿಸಿದರು. ಕಾಕಾ ಹಿಡಿದಿದ್ದು ಅವ್ವ ಇಟ್ಟಿದ್ದ ದೃಷ್ಟಿಬೊಟ್ಟನ್ನು. ಮಂಟಪಕ್ಕೆ ಮಂಟಪವೇ ನಕ್ಕಿತು. ನಾನು ಮಾತ್ರ ಸಿಟ್ಟಿನಲ್ಲಿ, "ಇನ್ನ ಮ್ಯಾಗ ಯಾರ ಕಿವಿಗೂ ಕೈ ಹಚ್ಚಬ್ಯಾಡ್ರಿ ಕಾಕಾ" ಎಂದುಬಿಟ್ಟೆ. ಅವರು ಊಟಕ್ಕೂ ನಿಲ್ಲಲಿಲ್ಲ. ಆಮೇಲೆ ಓಣಿಯಲ್ಲಿ ತಲೆ ತಗ್ಗಿಸಿಯೇ ಓಡಾಡಿದರು.

ಮರುವರ್ಷ ಪಾಪಿನಾಯಕನಹಳ್ಳಿಯ ನೆಂಟರ ನಾಯಿಯೊಂದಿಗೆ ವಾರವಿಡೀ ಆಡಿ ಬಂದ ನನ್ನ ಆರು ವರ್ಷದ ಮಗಳಿಗೆ ಜ್ವರ, ತಲೆನೋವು ಶುರುವಾಯಿತು. ಅವ್ವ ದೃಷ್ಟಿ ತೆಗೆದು, ಕಿವಿಯ ಹಿಂದೆ ಬೊಟ್ಟಿಟ್ಟಳು. ಮೂರನೆಯ ದಿನ ಮಣಿಕಟ್ಟು, ಪಾದಗಳ ಮೇಲೆ ಕೆಂಪು ಚುಕ್ಕೆಗಳೆದ್ದವು. ಮಾನ ಬದಿಗಿಟ್ಟು ಕಾಕಾನ ಬಾಗಿಲು ಬಡಿದೆ.

ಬಂದವರು ಮಗುವಿನಿಂದ ದೂರವೇ ನಿಂತು, "ಕಿವಿ ನೋಡ್ಲೇನಪಾ?" ಎಂದು ನನ್ನನ್ನು ಕೇಳಿದರು. ನಾಚಿಕೆಯಿಂದ ಹೂಂ ಎಂದು ತಲೆಯಾಡಿಸಿದೆ.

"ಅದು ನಾ ಇಟ್ಟ ಬೊಟ್ಟು, ಹುಲಿಗೆಪ್ಪಣ್ಣ" ಎಂದಳು ಅವ್ವ.

ಕಾಕಾ ಕನ್ನಡಕ ಏರಿಸಿದರು. "ಒಂದು ನಿಂದವ್ವ. ಬಾಜೂಕಿನದಕ್ಕ ಕಾಲು ಅದಾವ."

ಉಣ್ಣಿಯ ಮೇಲೆ ಹಚ್ಚಲು ಸುಣ್ಣ ತರಹೊರಟ ಅವ್ವನನ್ನು ಕೂರಿಸಿ, ಚಿಮಟವನ್ನು ಚರ್ಮದ ಅಂಚಿಗೇ ಹಿಡಿದು, ತಿರುಚದೆ ನೇರವಾಗಿ ಎಳೆದರು. ಉಣ್ಣಿಯನ್ನು ಡಬ್ಬಿಗೆ ಹಾಕಿ ನನ್ನ ಕೈಗಿಟ್ಟರು. "ಜಲ್ದಿ ದವಾಖಾನಿಗೆ ನಡಿ. ಬರೇ ಜ್ವರ ಅನ್ಬ್ಯಾಡ, ಉಣ್ಣಿ ಕಡದೈತಿ ಅಂತ ಮೊದ್ಲು ಹೇಳು."

ಡಾಕ್ಟರು ಅಂದೇ ಔಷಧ ಶುರುಮಾಡಿದರು. ಮಗಳು ವಾರದಲ್ಲಿ ಎದ್ದು ಓಡಾಡಿದಳು. ತಪ್ಪಾಯಿತು ಎನ್ನುವ ಬದಲು ಕಾಕಾನ ಮುಂದೆ ಕಿವಿ ಮಡಚಿ, ಬಗ್ಗಿ ನಿಂತೆ. ಅವರು ನೋಡಿದರು. ಮರುದಿನದಿಂದ ಓಣಿಯ ಕಿವಿಗಳಿಗೆಲ್ಲ ಮತ್ತೆ ತಪಾಸಣೆ.

ಕೊನೆಗಾಲದಲ್ಲಿ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಕಡೆಯ ಸಲ ಹೋದಾಗ ನನ್ನನ್ನು ಮಂಚದ ಮೇಲೆ ಕೂರಿಸಿಕೊಂಡು, ಬೆರಳಿನಿಂದ ಎರಡೂ ಕಿವಿಗಳ ಹಿಂದೆ ಬಹಳ ಹೊತ್ತು ತಡಕಿದರು.

"ಉಣ್ಣಿ ಇಲ್ಲ" ಎಂದರು. "ಹೊಲಸು ಭಾಳ ಐತಿ. ತೊಳ್ಕೊ."

ಅಂದಿನಿಂದ ದಿನಾ ತಿಕ್ಕಿ ತೊಳೆಯುತ್ತೇನೆ. ನೋಡುವವರೇ ಇಲ್ಲ.